ಬ್ಲಾಕ್ ಇಲ್ಲ ಅಂದರು, ಹಾಗಾದರೆ ಎದೆನೋವು ಯಾಕೆ?

‘ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ, ಗ್ಯಾಸ್ ಇರಬೇಕು ಅಂತಾರೆ ಮನೆಯವರು’ ಎಂದು ಬರೆದಿದ್ದೀರಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಟ್ರೊಪೋನಿನ್ ನಿಮ್ಮ ವರದಿಯಲ್ಲಿ ಅಷ್ಟು ಏರಿದ ಮೇಲೆ ಗ್ಯಾಸಿನ ಮಾತು ಬಿಡಿ ತಾಯಿ. ನಿಮ್ಮ ಹೃದಯಕ್ಕೆ ಪೆಟ್ಟು ಬಿದ್ದಿದೆ.

ಆಂಜಿಯೋಗ್ರಾಂ ತೋರಿಸುವುದು ನಾಳದೊಳಗಿನ ಹರಿವಿನ ನೆರಳನ್ನು, ಗೋಡೆಯನ್ನಲ್ಲ. ಗೋಡೆಯ ಕೊಬ್ಬಿನ ಪದರ ಬಿರಿದು, ಹೆಪ್ಪುಗಟ್ಟಿದ ರಕ್ತ ಆಮೇಲೆ ಕರಗಿರಬಹುದು. ಅದನ್ನು ಕಾಣಲು ನಾಳದೊಳಗೇ ಬೆಳಕು ಹಾಯಿಸುವ ಓಸಿಟಿ ಬೇಕು. ಗಾಯ ಹೃದಯಾಘಾತದ್ದೋ, ಸ್ನಾಯುವಿನ ಉರಿಯೂತದ್ದೋ ಎಂಬುದನ್ನು ಎಂಆರ್‌ಐ ಹೇಳುತ್ತದೆ. 2020ರಲ್ಲಿ ಪ್ರಕಟವಾದ ‘ಹಾರ್ಪ್’ ಅಧ್ಯಯನದಲ್ಲಿ ನಿಮ್ಮಂತೆ ಬ್ಲಾಕ್ ಕಾಣದ, ಈ ಎರಡೂ ಪರೀಕ್ಷೆಗಳಿಗೆ ಒಳಗಾದ 116 ಮಹಿಳೆಯರ ಪೈಕಿ ಶೇ 84ಕ್ಕೂ ಹೆಚ್ಚು ಮಂದಿಗೆ ಕಾರಣ ಸಿಕ್ಕಿತು. ಕಾರಣ ಬೇರೆಯಾದರೆ ಔಷಧಿಯೂ ಬೇರೆ.

ತಡವಾದರೆ ಎಂಆರ್‌ಐನಲ್ಲಿ ಕಾಣುವ ಸ್ನಾಯುವಿನ ಊತದ ಗುರುತು ಅಳಿಸುತ್ತದೆ. ನೋವು ಬಂದ ಎರಡು ವಾರದೊಳಗೇ ಎಂಆರ್‌ಐ ಮಾಡಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.