ಹಿಗ್ಗು, ತೃಪ್ತಿ, ನೆಮ್ಮದಿ: ಲೊಕ್ಕನಹಳ್ಳಿ ಸೀಮೆಯಿಂದ ಒಂದು ಪಾಠ

ಗೆಳೆಯರೇ, ಸಂತೋಷ ಅಂದರೆ ಏನು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರನ್ನ ಕೇಳಿದರೂ ಉತ್ತರ ಹೆಚ್ಚು ಕಡಿಮೆ ಒಂದೇ. ಬ್ಯಾಕ್‌ಲಾಗ್ ಇಲ್ಲದೆ ಸೆಮಿಸ್ಟರ್ ದಾಟೋದು, ಒಳ್ಳೆ ಪ್ಯಾಕೇಜಿನ ಪ್ಲೇಸ್‌ಮೆಂಟ್, ಊರಲ್ಲಿ ಅಪ್ಪ ಅಮ್ಮನಿಗೊಂದು ಆರ್‌ಸಿಸಿ ಮನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗಮನಿಸಿ, ಇವೆಲ್ಲ ಮುಂದೆ ಯಾವತ್ತೋ ನಡೆಯಬೇಕಾದವು. ಅಲ್ಲೀವರೆಗಿನ ಸಾವಿರಾರು ದಿನಗಳ ಕಥೆ ಏನು? ಎದ್ದು, ಮೆಸ್ಸಿನಲ್ಲಿ ತಿಂದು, ಲ್ಯಾಬ್ ರೆಕಾರ್ಡ್ ಬರೆದು, ರಾತ್ರಿ ಮಲಗುವ ಮಾಮೂಲಿ ದಿನಗಳಲ್ಲಿ ಸಂತೋಷ ಎಲ್ಲಿರುತ್ತೆ?

ಈ ಸಂಚಿಕೆಯ ಪಾಠಕ್ಕೆ ಈ ಪ್ರಶ್ನೆಯನ್ನೇ ತಗೊಂಡಿದ್ದೀವಿ. ಉದಾಹರಣೆಗೆ ಆರಿಸಿಕೊಂಡಿರೋದು ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಸೀಮೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಾದಪ್ಪನ ಬೆಟ್ಟದ ಸಾಲು, ನಡುವೆ ಮಳೆ ನಂಬಿದ ಹೊಲಗಳು. 1956ರವರೆಗೆ ಈ ಭಾಗ ಕೊಳ್ಳೇಗಾಲದ ಜೊತೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು. ಇಲ್ಲಿ ಹತ್ತಿರ ಹತ್ತಿರದಲ್ಲೇ ಒಣಭೂಮಿ ರೈತರು, ಪೋಡುಗಳ ಸೋಲಿಗರು, ಒಡೆಯರಪಾಳ್ಯದ ಟಿಬೆಟಿಯನ್ನರು ಇದ್ದಾರೆ. ಮೂವರ ದಿನನಿತ್ಯದ ಸಮಾಧಾನವೂ ಬೇರೆ ಬೇರೆ ಆಧಾರಗಳ ಮೇಲೆ ನಿಂತಿದೆ. ಅದಕ್ಕೇ ಈ ಸೀಮೆ ನಮ್ಮ ಪಾಠಕ್ಕೆ ಚೆನ್ನಾಗಿ ಹೊಂದುತ್ತೆ.

1. ಮೊದಲು ಪದಗಳನ್ನ ನೋಡೋಣ

ಅಳತೆ ಮಾಡೋ ಮುಂಚೆ ಏನನ್ನ ಅಳೀತಿದ್ದೀವಿ ಅಂತ ಗೊತ್ತಿರಬೇಕು. ಸಂತೋಷ, ಸುಖ, ಆನಂದ, ಖುಷಿ, ನಲಿವು, ಹಿಗ್ಗು, ತೃಪ್ತಿ, ನೆಮ್ಮದಿ ಇವನ್ನೆಲ್ಲ ನಾವು ಒಂದೇ ಅರ್ಥದಲ್ಲಿ ಬಳಸಿಬಿಡ್ತೀವಿ. ಇವುಗಳಲ್ಲಿ ಮೂರನ್ನು ಬಿಡಿಸಿ ನೋಡೋಣ.

ಹಿಗ್ಗು ಅಂದರೆ ಉಬ್ಬು, ದೊಡ್ಡದಾಗು. ಬಿಸಿಲಿಗೆ ರೈಲು ಹಳಿ ಹಿಗ್ಗುತ್ತೆ ಅಂತ ನಾವು ಫಿಸಿಕ್ಸ್‌ನಲ್ಲಿ ಓದಿದ್ದೂ ಇದೇ ಪದ. ಅದರ ಎದುರು ಪದ ಕುಗ್ಗು. ಅಂದರೆ ಹಿಗ್ಗು ಒಂದು ಬದಲಾವಣೆಯ ಹೆಸರು.

ತೃಪ್ತಿ ಅಂದರೆ ಸಾಕು ಅನ್ನಿಸುವುದು. ಇಲ್ಲಿ ಒಂದು ಹೋಲಿಕೆ ಇದೆ. ಬೇಕು ಅಂದುಕೊಂಡದ್ದು ಎಷ್ಟು, ಸಿಕ್ಕಿದ್ದು ಎಷ್ಟು?

ನೆಮ್ಮದಿಯ ಮಗ್ಗುಲಲ್ಲೇ ನೆಮ್ಮು ಅನ್ನೋ ಹಳೆಯ ಕ್ರಿಯಾಪದ ಇದೆ. ನೆಮ್ಮು ಅಂದರೆ ಒರಗು, ಆತುಕೋ, ನಂಬಿ ನಿಲ್ಲು. ಒರಗೋದಕ್ಕೆ ಒಂದು ಗೋಡೆ ಇದ್ದಾಗ ಬರುವ ಸ್ಥಿತಿ ಅಂತ ನೆಮ್ಮದಿಯನ್ನ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ಹಳ್ಳಿಗಳಲ್ಲಿ ಹಿರಿಯರು ಹರಸುವಾಗ "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಅಂತಾರೆ. ಕುಣಿದಾಡು, ಹಿಗ್ಗು ಅನ್ನೋದಿಲ್ಲ. ತಣ್ಣಗಿರು ಅಂತಾರೆ. ಬಿಸಿಲ ಸೀಮೆಯವರಿಗೆ ಬದುಕಿನ ಒಳ್ಳೆಯ ಸ್ಥಿತಿ ಯಾವುದು ಅನ್ನೋದು ಆ ಒಂದು ಮಾತಿನಲ್ಲೇ ಇದೆ.

2. ಹಿಗ್ಗು ಯಾಕೆ ನಿಲ್ಲೋದಿಲ್ಲ?

ಬೇಸಿಗೆಯೆಲ್ಲ ಕಾದು ಮೊದಲ ಹದ ಮಳೆ ಬಿದ್ದ ದಿನ ಇಡೀ ಊರಿನ ಮುಖ ಅರಳುತ್ತೆ. ನಾಲ್ಕನೇ ದಿನಕ್ಕೆ ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಯ ಮಾತು ಶುರು. ಮಳೆಯ ಬೆಲೆ ಕಮ್ಮಿ ಆಗಿಲ್ಲ, ಮನಸ್ಸು ಅದಕ್ಕೆ ಒಗ್ಗಿಕೊಂಡಿದೆ ಅಷ್ಟೇ.

ಎಲೆಕ್ಟ್ರಾನಿಕ್ಸ್‌ನವರು ಕಪ್ಲಿಂಗ್ ಕೆಪಾಸಿಟರ್ ನೆನಪಿಸಿಕೊಳ್ಳಿ. ಡಿಸಿ ಎಷ್ಟೇ ವೋಲ್ಟ್ ಕೊಡಿ, ಸ್ವಲ್ಪ ಹೊತ್ತಿಗೆ ಆಚೆ ಕಡೆ ಸೊನ್ನೆ. ಬದಲಾವಣೆ ಮಾತ್ರ ದಾಟುತ್ತೆ. ಹಿಗ್ಗಿನ ವಿಷಯದಲ್ಲಿ ನಮ್ಮ ಮನಸ್ಸೂ ಹೆಚ್ಚು ಕಡಿಮೆ ಹಾಗೇ. ಹೊಸ ಫೋನ್ ತಗೊಂಡ ವಾರ ಅದನ್ನ ಒರೆಸಿ ಒರೆಸಿ ಇಡ್ತೀವಿ. ಮೂರು ತಿಂಗಳಿಗೆ ಅದು ಬರೀ ಫೋನು.

ಇದರ ಮೇಲೆ 1978ರಲ್ಲಿ ಅಮೆರಿಕದಲ್ಲಿ ಒಂದು ಪ್ರಸಿದ್ಧ ಅಧ್ಯಯನ ನಡೆಯಿತು. ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಗೆದ್ದ 22 ಜನ, ಗೆಲ್ಲದ 22 ಜನ, ಅಪಘಾತದಲ್ಲಿ ಪಾರ್ಶ್ವವಾಯು ಆದ 29 ಜನರನ್ನ ಮಾತಾಡಿಸಿದರು. ಸದ್ಯದ ಸಂತೋಷಕ್ಕೆ 5ರಲ್ಲಿ ಗೆದ್ದವರ ಸರಾಸರಿ 4.00, ಗೆಲ್ಲದವರದ್ದು 3.82. ಅಷ್ಟು ದುಡ್ಡಿಗೆ ಇಷ್ಟೇ ವ್ಯತ್ಯಾಸ! ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ಒಳ್ಳೆ ಜೋಕು, ಪತ್ರಿಕೆ ಓದೋದು ಇಂಥ ದಿನನಿತ್ಯದ ಸುಖಗಳಿಗೆ ಗೆದ್ದವರು ಕೊಟ್ಟ ಅಂಕ 3.33, ಗೆಲ್ಲದವರು ಕೊಟ್ಟದ್ದು 3.82. ದೊಡ್ಡ ಹಿಗ್ಗು ಸಣ್ಣ ಸುಖಗಳನ್ನ ಸಪ್ಪೆ ಮಾಡುತ್ತೆ ಅನ್ನೋದು ಅವರ ವಿವರಣೆ.

ಸ್ಯಾಂಪಲ್ ಚಿಕ್ಕದು, ಅದು ನೆನಪಿರಲಿ. ಇನ್ನೊಂದು ಮಾತು. ಈ ಅಧ್ಯಯನವನ್ನ "ಲಾಟರಿ ಗೆದ್ದರೂ ಒಂದೇ, ಕಾಲು ಹೋದರೂ ಒಂದೇ" ಅಂತ ಹೇಳಿಕೊಂಡು ತಿರುಗೋರು ತುಂಬಾ ಜನ. ಅದು ಸುಳ್ಳು. ಅಪಘಾತ ಆದವರ ಸರಾಸರಿ 2.96, ಉಳಿದ ಇಬ್ಬರಿಗಿಂತ ಸ್ಪಷ್ಟವಾಗಿ ಕೆಳಗೆ. ಮೇಲೆ ಬಂದ ಲಾಭಕ್ಕೆ ಬೇಗ ಒಗ್ಗಿಕೊಳ್ತೀವಿ, ಆದರೆ ಆಧಾರ ಕಳಕೊಂಡದ್ದಕ್ಕೆ ಅಷ್ಟು ಸಲೀಸಾಗಿ ಒಗ್ಗೋದಿಲ್ಲ. ಈ ಸಾಲನ್ನ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

3. ತೃಪ್ತಿಯ ಭಿನ್ನರಾಶಿ

ವಿಲಿಯಂ ಜೇಮ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1890ರಲ್ಲೇ, ನಮ್ಮ ಬಗ್ಗೆ ನಮಗಿರುವ ಸಮಾಧಾನವನ್ನ ಒಂದು ಭಿನ್ನರಾಶಿಯಾಗಿ ಬರೆದಿದ್ದ. ಮೇಲೆ ಸಾಧಿಸಿದ್ದು, ಕೆಳಗೆ ಬಯಸಿದ್ದು. ಬೆಲೆ ಹೆಚ್ಚಬೇಕಾದರೆ ಮೇಲಿನದನ್ನ ಹೆಚ್ಚಿಸಿ, ಇಲ್ಲಾ ಕೆಳಗಿನದನ್ನ ಇಳಿಸಿ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ನಮ್ಮ ಗಾದೆ ಹೇಳೋದು ಈ ಎರಡನೇ ದಾರಿಯನ್ನೇ.

ಹಾಸ್ಟೆಲಿನ ನಮಗೆ ಇದು ಉಪಯೋಗದ ಪಾಠ. ಪಕ್ಕದ ರೂಮಿನವನ ಪ್ಯಾಕೇಜು, ಇನ್‌ಸ್ಟಾಗ್ರಾಂನಲ್ಲಿ ಕಂಡ ಪ್ರವಾಸ, ಇವೆಲ್ಲ ನಮ್ಮ ಭಿನ್ನರಾಶಿಯ ಕೆಳಗಿನ ಸಂಖ್ಯೆಯನ್ನ ನಮಗೇ ಗೊತ್ತಿಲ್ಲದೆ ಏರಿಸ್ತಾ ಇರುತ್ತವೆ.

ಆದರೆ ಗಾದೆಯನ್ನ ಇನ್ನೊಬ್ಬರಿಗೆ ಉಪದೇಶ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳಬೇಕು. ಹಾಸಿಗೆಯನ್ನೇ ಯಾರಾದರೂ ಕತ್ತರಿಸಿದ್ದರೆ? "ಹಳ್ಳಿಯವರು ಇರೋದ್ರಲ್ಲೇ ಎಷ್ಟು ಖುಷಿಯಾಗಿದ್ದಾರೆ ನೋಡು" ಅಂತ ಟ್ರೆಕ್ಕಿಂಗ್ ಮುಗಿಸಿ ಬಂದು ಸ್ಟೇಟಸ್ ಹಾಕೋದು ಸುಲಭ. ಬಡವರ ಮುಖದ ನಗುವನ್ನ ಅವರಿಗೆ ಇನ್ನೇನೂ ಬೇಕಿಲ್ಲ ಅನ್ನೋದಕ್ಕೆ ಸಾಕ್ಷಿ ಮಾಡಿಕೊಳ್ಳೋದು ಅನ್ಯಾಯ. ತೃಪ್ತಿ ನಾವು ನಮಗೆ ಹೇಳಿಕೊಳ್ಳುವ ಪಾಠವಾಗಿದ್ದರೆ ಚೆಂದ. ಇನ್ನೊಬ್ಬರ ಹಕ್ಕಿನ ಮಾತು ಬಂದಾಗ ಅದನ್ನ ಅಡ್ಡ ಇಡಬಾರದು. ಇದನ್ನ ತಿಳಿಯೋಕೆ ಮೂರನೇ ಪದಕ್ಕೆ ಹೋಗಬೇಕು.

4. ನೆಮ್ಮದಿ: ಮೂರು ಉದಾಹರಣೆ

ಮೊದಲನೆಯದು ಹೊಲ. ಹಳೇ ಮೈಸೂರಿನ ಒಣಭೂಮಿಯಲ್ಲಿ ಅಕ್ಕಡಿ ಸಾಲು ಅನ್ನೋ ಪದ್ಧತಿ ಇದೆ. ರಾಗಿ ಒಂದನ್ನೇ ಬಿತ್ತದೆ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳಿನ ಸಾಲು ಹಾಕ್ತಾರೆ. ರಾಗಿಗೆ ಮಳೆ ಕೈಕೊಟ್ಟರೆ ತೊಗರಿ ಇದೆ, ಅವರೆಗೆ ಹುಳ ಬಿದ್ದರೆ ಜೋಳ ಇದೆ. ರಾಗಿಗೆ ಹುಳದ ಕಾಟ ಕಮ್ಮಿ, ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡೋದಿಲ್ಲ. ಹಿಂದೆ ಹಗೇವಿನಲ್ಲಿ ತುಂಬಿಸಿಡ್ತಿದ್ದರು. ಕೆಲಸಕ್ಕೆ ಮುಯ್ಯಾಳು ಪದ್ಧತಿ: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು.

ನಮ್ಮ ಭಾಷೆಯಲ್ಲಿ ಇದು ಫ್ಯಾಕ್ಟರ್ ಆಫ್ ಸೇಫ್ಟಿ. ತೊಲೆಯನ್ನ ಬೇಕಾದ ಭಾರಕ್ಕೆ ಸರಿಯಾಗಿ ಡಿಸೈನ್ ಮಾಡಿ ನಿಲ್ಲಿಸೋದಿಲ್ಲ, ಸ್ವಲ್ಪ ಹೆಚ್ಚಿಗೇ ಮಾಡ್ತೀವಿ. ಆ ಹೆಚ್ಚಿನ ಭಾಗ ದಿನವೂ ಕೆಲಸಕ್ಕೆ ಬರೋ ಹಾಗೆ ಕಾಣೋದಿಲ್ಲ, ಆದರೆ ಅದರಿಂದಲೇ ಮನೆಯೊಳಗೆ ನಿದ್ದೆ ಬರುತ್ತೆ. ಈಗ ಹನೂರು ಕಡೆ ಮುಸುಕಿನ ಜೋಳ ಒಂದನ್ನೇ ಬಿತ್ತಿದ ಹೊಲಗಳು ಸಾಕಷ್ಟು. ಕೈಗೆ ಕಾಸು ಬರುತ್ತೆ, ಮಕ್ಕಳ ಫೀಜಿಗೆ ಕಾಸೇ ಬೇಕು, ಹಾಗಾಗಿ ರೈತರನ್ನ ಬೈಯೋ ಹಾಗಿಲ್ಲ. ಆದರೆ ದರ ಬಿದ್ದ ವರ್ಷ ಒರಗೋದಕ್ಕೆ ಇನ್ನೊಂದು ಸಾಲು ಇರೋದಿಲ್ಲ. ಕಾಡಂಚಿನ ಹೊಲವಾದರೆ ಆನೆ, ಹಂದಿ ಕಾಯೋಕೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರಬೇಕು. ಅಲ್ಲಿ ಸಂತೋಷದ ಅಳತೆ ತುಂಬಾ ಸರಳ: ಕಣ್ತುಂಬ ನಿದ್ದೆ ಬಂತಾ, ಇಲ್ವಾ?

ಎರಡನೆಯದು ಕಾಡು. ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಮೂಲ ನಿವಾಸಿಗಳು. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ ಅವರ ಜೀವನಾಧಾರ. ದೊಡ್ಡ ಸಂಪಿಗೆ ಮರ ಅವರ ದೇವರು. ಸುಗ್ಗಿ ಆದ ಮೇಲೆ ಹೊಸ ರಾಗಿಯಲ್ಲಿ ರೊಟ್ಟಿ ಹಬ್ಬ ಮಾಡ್ತಾರೆ. ಹಾಡು ಕುಣಿತ ನೋಡಿದವರು ಇದೇ ಸಂತೋಷ ಅಂತಾರೆ. ಆದರೆ ಕುಣಿತದ ಹಿಂದಿನ ಕಥೆ ಬೇರೆ. 1974ರಲ್ಲಿ ಬೆಟ್ಟ ಅಭಯಾರಣ್ಯ ಆದ ಮೇಲೆ ಕಾಡೊಳಗೆ ಚದುರಿದ್ದವರನ್ನ ಒಂದೆಡೆ ತಂದು ನೆಲೆ ನಿಲ್ಲಿಸಿದರು. ಜಾಗ ಬದಲಿಸುತ್ತಾ ಮಾಡ್ತಿದ್ದ ಬೇಸಾಯ, ಬೇಟೆ, ತರಗು ಬೆಂಕಿ ನಿಂತವು. ಆಮೇಲೆ ಕೆಲವು ವರ್ಷ ಕಿರು ಅರಣ್ಯ ಉತ್ಪನ್ನ ಮಾರೋದಕ್ಕೂ ತಡೆ ಬಂತು. ಎಷ್ಟೋ ಜನ ಕೂಲಿಗೆ ಕೊಡಗಿನ ಕಾಫಿ ತೋಟಗಳ ದಾರಿ ಹಿಡಿದರು.

2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅರ್ಜಿ ಹಾಕಿ, ಸಭೆ ನಡೆಸಿ, ನಕ್ಷೆ ಬರೆದು ಓಡಾಡಿದ ಮೇಲೆ 2011ರಲ್ಲಿ ಬಿಳಿಗಿರಿ ಬೆಟ್ಟದ ಹಲವು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯ್ತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶಕ್ಕೇ ಮಾದರಿ. ಹಕ್ಕುಪತ್ರ ಬಂದ ಮಾತ್ರಕ್ಕೆ ಬಡತನ ಹೋಗಲಿಲ್ಲ. ಆದರೆ ನಾಳೆ ಜೇನಿಗೆ ಹೋದರೆ ಕಳ್ಳರ ಹಾಗೆ ಅಡಗಬೇಕಿಲ್ಲ ಅನ್ನೋದು ಸಣ್ಣ ಮಾತಲ್ಲ. ಇರೋದ್ರಲ್ಲೇ ತೃಪ್ತರಾಗಿರಿ ಅನ್ನೋ ಉಪದೇಶ ಕೇಳಿ ಸುಮ್ಮನಿದ್ದಿದ್ದರೆ ಆ ಹಕ್ಕು ಬರ್ತಿರಲಿಲ್ಲ.

ಮೂರನೆಯದು ಒಡೆಯರಪಾಳ್ಯ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಕರ್ನಾಟಕ ಜಾಗ ಕೊಟ್ಟಿತು. ಮೊದಲು ಬೈಲುಕುಪ್ಪೆಯಲ್ಲಿ ನೆಲೆ ಆಯ್ತು, 1974ರಲ್ಲಿ ಇಲ್ಲಿ ಡೊಂಡೆನ್‌ಲಿಂಗ್ ಅನ್ನೋ ನೆಲೆ ಶುರುವಾಯ್ತು. ಹಿಮದ ಸೀಮೆಯವರು ಇಲ್ಲಿ ಮುಸುಕಿನ ಜೋಳ ಬೆಳೆಯೋದು ಕಲಿತರು. ಚಳಿಗಾಲ ಬಂತು ಅಂದರೆ ಊರೂರಿಗೆ ಸ್ವೆಟರ್ ಮಾರೋಕೆ ಹೋಗ್ತಾರೆ, ಲೋಸರ್ ಹೊಸ ವರ್ಷದ ಹಬ್ಬ ಮಾಡ್ತಾರೆ. ಹೊಲದ ನಡುವೆ ಜೋಗ್ಚೆನ್ ಮಠ ಎದ್ದು ನಿಂತಿದೆ. ದೇಶವನ್ನೇ ಕಳಕೊಂಡವರು ಮೊದಲು ಕಟ್ಟಿಕೊಂಡದ್ದೇನು ನೋಡಿ: ಹೊಲ, ಶಾಲೆ, ಸಹಕಾರ ಸಂಘ, ಮಠ. ಒಬ್ಬೊಬ್ಬರಾಗಿ ಸಾಧ್ಯವಾಗದ್ದನ್ನ ಒಟ್ಟಿಗೆ ನಿಂತು ಮಾಡಿಕೊಂಡರು. ಕಳೆದದ್ದರ ನೋವು ಹೋಗಿಲ್ಲ. ನೋವಿನ ಜೊತೆಗೇ ನೆಮ್ಮದಿಯೂ ಇರಬಲ್ಲದು ಅನ್ನೋದು ಇಲ್ಲಿನ ಪಾಠ.

ಮೂರೂ ಕಡೆ ಒಂದೇ ವಿಷಯ ಕಾಣುತ್ತೆ. ನೆಮ್ಮದಿ ಬರೀ ಮನಸ್ಸಿನ ಗುಣ ಅಲ್ಲ. ಹೊರಗೆ ಏನೋ ಒಂದು ಗಟ್ಟಿಯಾಗಿ ನಿಂತಿರಬೇಕು: ಬೆಳೆ, ಹಕ್ಕು, ಜನ.

5. ಜಗತ್ತು ಅಳೆಯೋದು ಹೇಗೆ?

2012ರಿಂದ ವಿಶ್ವ ಸಂತೋಷ ವರದಿ ಬರ್ತಿದೆ. ಅದರ ಮುಖ್ಯ ಪ್ರಶ್ನೆ ಒಂದು ಏಣಿ: ಸೊನ್ನೆಯಿಂದ ಹತ್ತು ಮೆಟ್ಟಿಲು, ನೀವು ಎಷ್ಟನೇ ಮೆಟ್ಟಿಲಲ್ಲಿ ಇದ್ದೀರಿ? 2024ರ ಪಟ್ಟಿಯ 143 ದೇಶಗಳಲ್ಲಿ ಫಿನ್ಲೆಂಡ್ ಮೊದಲನೆಯದು, ಭಾರತ 126ನೆಯದು. ಏಣಿ ಪ್ರಶ್ನೆ ಎಲ್ಲ ಸಂಸ್ಕೃತಿಗೂ ಹೊಂದುತ್ತಾ ಅಂತ ವಾದ ಮಾಡಬಹುದು. ಆದರೆ ದೇಶಗಳ ನಡುವಿನ ವ್ಯತ್ಯಾಸ ವಿವರಿಸೋಕೆ ಅವರು ಬಳಸುವ ಇನ್ನೊಂದು ಪ್ರಶ್ನೆ ನೋಡಿ: ಕಷ್ಟ ಬಂದರೆ, ಬೇಕಾದಾಗ ಸಹಾಯಕ್ಕೆ ಬರೋ ನೆಂಟರೋ ಗೆಳೆಯರೋ ನಿಮಗೆ ಇದ್ದಾರಾ? ನಮ್ಮ ನೆಮ್ಮು ಅನ್ನೋ ಪದ ಕೇಳೋದೂ ಇದನ್ನೇ.

ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ಅಧ್ಯಯನ 724 ಗಂಡಸರ ಬದುಕನ್ನ ದಶಕಗಟ್ಟಲೆ ಹಿಂಬಾಲಿಸಿತು. ಮುಪ್ಪಿನಲ್ಲೂ ಆರೋಗ್ಯವಾಗಿ ಸಮಾಧಾನದಿಂದ ಇದ್ದವರಲ್ಲಿ ಎದ್ದು ಕಂಡದ್ದು ಅವರ ಸಂಬಂಧಗಳ ಗಟ್ಟಿತನ.

6. ಏಳು ದಿನದ ಪ್ರಯೋಗ

ಪಾಠ ಅಂದ ಮೇಲೆ ಪ್ರಾಕ್ಟಿಕಲ್ ಇರಲೇಬೇಕು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಏಳು ದಿನ, ಮಲಗೋ ಮುಂಚೆ ಎರಡೇ ನಿಮಿಷ.

ಹಿಗ್ಗು: ಇವತ್ತು ಯಾವುದಕ್ಕೆ ಮನಸ್ಸು ಅರಳಿತು? ಸಂಜೆ ಕ್ಯಾಂಟೀನಿನ ಬಿಸಿ ಬೋಂಡಾ ಆದರೂ ಸರಿ.

ತೃಪ್ತಿ: ಇವತ್ತು ಯಾರ ಜೊತೆ ಹೋಲಿಸಿಕೊಂಡೆ? ಆ ಹೋಲಿಕೆ ನಾನೇ ಆರಿಸಿಕೊಂಡದ್ದಾ, ಫೋನ್ ನನ್ನ ಮುಂದೆ ತಂದು ಇಟ್ಟದ್ದಾ?

ನೆಮ್ಮದಿ: ಇವತ್ತು ಯಾರ ಮೇಲೆ, ಯಾವುದರ ಮೇಲೆ ಒರಗಿದೆ? ನನ್ನ ಮೇಲೆ ಯಾರು ಒರಗಿದರು?

ವಾರದ ಕೊನೆಗೆ ಮೂರನೇ ಕಾಲಂ ಖಾಲಿ ಇದ್ದರೆ ಅದನ್ನ ಹಗುರವಾಗಿ ತಗೋಬೇಡಿ. ಇಂಟರ್ನಲ್ಸ್ ಮಾರ್ಕ್ಸ್ ಹೋದ ದಿನ, ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರಿಲ್ಲದ ದಿನ, ಯಾರ ರೂಮಿನ ಬಾಗಿಲು ತಟ್ಟಬಹುದು ಅಂತ ಗೊತ್ತಿಲ್ಲದೆ ಒಬ್ಬರೇ ಕೂತಿರೋ ಗೆಳೆಯರು ಎಲ್ಲ ಬ್ಲಾಕಿನಲ್ಲೂ ಇರ್ತಾರೆ. ಅಂಥವರಿಗೆ "ಖುಷಿಯಾಗಿರು ಮಗಾ" ಅಂತ ಮೆಸೇಜ್ ಹಾಕಿದರೆ ಏನೂ ಆಗೋದಿಲ್ಲ. ಊಟಕ್ಕೆ ಕರೆದುಕೊಂಡು ಹೋಗಿ, ಜೊತೆಗೆ ಕೂತು ಆ ಒಂದು ಯೂನಿಟ್ ಹೇಳಿಕೊಡಿ, ಬೇಕಾದರೆ ಕೌನ್ಸೆಲರ್ ಹತ್ತಿರ ಜೊತೆಗೆ ಹೋಗಿ. ಇದು ನಮ್ಮ ಮುಯ್ಯಾಳು. ಇವತ್ತು ಅವರಿಗೆ ನಾವು, ನಾಳೆ ನಮಗೆ ಅವರು.

ಪ್ರಯೋಗ ಮಾಡಿದವರು ಕಂಡದ್ದನ್ನ ನಾಲ್ಕು ಸಾಲು ಬರೆದು ಬಳಗಕ್ಕೆ ಕಳಿಸಿ. ಜೊತೆಗೆ ಇನ್ನೊಂದು ಕೆಲಸ: "ಹೊಟ್ಟೆ ತಣ್ಣಗಿರ್ಲಿ" ಅನ್ನೋ ಹಾಗೆ ನಿಮ್ಮೂರಲ್ಲಿ ಹಿರಿಯರು ಏನಂತ ಹರಸ್ತಾರೆ ಅಂತ ಮನೆಗೆ ಫೋನ್ ಮಾಡಿ ಕೇಳಿ ತಿಳ್ಕೊಳ್ಳಿ. ಬೀದರಿನ ಮಾತು, ಕುಂದಾಪುರದ ಮಾತು, ಕಾಸರಗೋಡಿನ ಮಾತು ಎಲ್ಲ ಬರಲಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಂದೇ ಕಡೆ ಅಚ್ಚು ಮಾಡೋಣ.