ಗ್ಯಾಸ್‌ಲೈಟಿನ ಗೇಜು

ನಮ್ಮ ಮನೆಯ ಅಟ್ಟದಲ್ಲಿ ಬಹುಕಾಲ ಉಪೇಕ್ಷಿತವಾಗಿದ್ದ ಪೆಟ್ರೋಮ್ಯಾಕ್ಸನ್ನು ಪುನಃ ಬೆಳಗಿಸಬೇಕೆಂಬ ಅಭಿಲಾಷೆಯಿಂದ ಕೆಳಗಿಳಿಸಿದಾಗ, ಅದರ ಗಾಜು, ಪಂಪು, ಹಿತ್ತಾಳೆಯ ಟ್ಯಾಂಕು ಎಲ್ಲವೂ ಸುಸ್ಥಿತಿಯಲ್ಲಿದ್ದು, ಎಣ್ಣೆ ತುಂಬುವ ಮುಚ್ಚಳದ ಮೇಲಿನ ಗೇಜಿನ ಮುಳ್ಳೊಂದು ಮಾತ್ರ ಎಷ್ಟು ಗಾಳಿ ಹೊಡೆದರೂ ಸೊನ್ನೆಯನ್ನು ಬಿಟ್ಟು ಕದಲದಿರುವುದು ಕಂಡುಬಂದಿತು. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ರೂಪಿಸಿದ ಈ ದೀಪವು ನಮ್ಮ ಕರಾವಳಿಯ ಬಯಲಾಟಗಳಿಗೂ ಊರೂರಿನ ಮದುವೆಯ ಚಪ್ಪರಗಳಿಗೂ ಗ್ಯಾಸ್‌ಲೈಟೆಂದು ಬೆಳಕನ್ನಿತ್ತುದು ಹಿರಿಯರೆಲ್ಲರೂ ಬಲ್ಲ ಸಂಗತಿ. ಒತ್ತಡದಿಂದ ಮೇಲೇರಿದ ಸೀಮೆಎಣ್ಣೆಯು ಕಾದ ನಳಿಗೆಯಲ್ಲಿ ಆವಿಯಾಗಿ ಉರಿದು ಮ್ಯಾಂಟಲೆಂಬ ಬಲೆಯನ್ನು ಉಜ್ಜ್ವಲಗೊಳಿಸುವುದರಿಂದ, ಆ ಒತ್ತಡವೆಷ್ಟೆಂದು ತಿಳಿಯದೆ ಪಂಪು ಒತ್ತುತ್ತಲೇ ಹೋಗುವುದು ಅಪಾಯಕರವಾದುದು.

ಗೇಜಿನ ಒಳಗಿರುವುದು 1849ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ಡೋನ್ ಕಂಡುಹಿಡಿದ ಯುಕ್ತಿ: ಚಪ್ಪಟೆಯಾಗಿ ಬಾಗಿಸಿದ ತೆಳುವಾದ ಲೋಹದ ಕೊಳವೆಯು, ಜಾತ್ರೆಯಲ್ಲಿ ಮಕ್ಕಳು ಊದಿದೊಡನೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯಂತೆ, ಒಳಗಿನ ಒತ್ತಡಕ್ಕೆ ತುಸುವೇ ನೆಟ್ಟಗಾಗುತ್ತದೆ; ಅದರ ಮುಚ್ಚಿದ ತುದಿಯ ಆ ಅಲ್ಪ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಆದುದರಿಂದ ಮುಳ್ಳು ನಿಂತಿತೆಂದು ಮುಳ್ಳನ್ನೇ ಬೆರಳಿನಿಂದ ತಳ್ಳುವುದು ಸರ್ವಥಾ ಸಲ್ಲದು. ಹಾಗೆ ತಳ್ಳಿ ಸೊಟ್ಟಗಾದ ಕೊಳವೆಯು ಮರಳಿ ಮೊದಲಿನ ಆಕಾರಕ್ಕೆ ಬರಲಾರದು.

ಗಾಳಿಯ ತಿರುಪನ್ನು ಸಡಿಲಿಸಿ, ಟ್ಯಾಂಕಿನ ಒತ್ತಡವೆಲ್ಲವೂ ಇಳಿದ ತರುವಾಯ ಮುಚ್ಚಳವನ್ನು ಕಳಚಿ ಭೂತಗನ್ನಡಿಯಿಂದ ನೋಡಲಾಗಿ, ಕೊಳವೆಯ ಬಾಯಲ್ಲಿ ಒಣಗಿದ ಸೀಮೆಎಣ್ಣೆಯ ಕಂದುಬಣ್ಣದ ಅಂಟು ಹೆಪ್ಪುಗಟ್ಟಿತ್ತು. ಸೂಜಿಯಿಂದ ಚುಚ್ಚದೆ, ಬೆಂಕಿಗೂ ಹಿಡಿಯದೆ (ಬೆಸುಗೆಯ ಸೀಸ ಕರಗುವ ಭಯವುಂಟು), ಆ ಬಾಯಷ್ಟೇ ಮುಳುಗುವಂತೆ ಸ್ಪಿರಿಟ್ಟಿನಲ್ಲಿ ಇಟ್ಟು, ಅಂಟು ಮೆದುವಾದಂತೆಲ್ಲ ಸ್ಪಿರಿಟ್ಟನ್ನು ಬದಲಿಸುತ್ತ ಬಂದೆ. ಈ ಕೆಲಸಕ್ಕೆ ಬೇಕಾದುದು ಬಲವಲ್ಲ, ತಾಳ್ಮೆಯೊಂದೇ. ಗಾಜನ್ನು ಹಿಡಿದಿದ್ದ ಉಂಗುರವನ್ನು ಮೆಲ್ಲನೆ ಬಿಡಿಸಿ, ಮುಳ್ಳಿನ ಕೀಲಿಗೆ ಕಟ್ಟಿದ್ದ ಹಸಿರು ಕಿಲುಬನ್ನೂ ಒರಸಿ, ಗಡಿಯಾರದ ಎಣ್ಣೆಯ ಒಂದೇ ಹನಿಯನ್ನು ಮುಟ್ಟಿಸಿದ ಮೇಲೆ, ಬಹಳ ನಿಧಾನವಾಗಿ ಗಾಳಿ ಕೊಟ್ಟು ನೋಡಿದರೆ ಮುಳ್ಳು ಎದ್ದಿತು. ಗಾಳಿ ಬಿಟ್ಟಾಗ ಸೊನ್ನೆಗೂ ಮರಳಿತು.

ಅಷ್ಟಕ್ಕೇ ನಾನು ತೃಪ್ತನಾಗಲಿಲ್ಲ. ಚಲಿಸುವ ಮುಳ್ಳೆಲ್ಲವೂ ಸತ್ಯವನ್ನೇ ತೋರಿಸುತ್ತದೆಂಬ ನಿಯಮವಿಲ್ಲದ ಕಾರಣ, ಮಿತ್ರರೊಬ್ಬರ ದೀಪದ ಸರಿಯಾದ ಗೇಜನ್ನು ಇದೇ ಟ್ಯಾಂಕಿಗೆ ಕೂಡಿಸಿ, ಅಷ್ಟೇ ಎಣ್ಣೆಗೆ ಅಷ್ಟೇ ಸಲ ಪಂಪು ಒತ್ತಿ, ಎರಡರ ಮುಳ್ಳುಗಳೂ ಕೆಂಪು ಗೆರೆಯನ್ನು ಒಂದೇ ರೀತಿಯಲ್ಲಿ ಮುಟ್ಟುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಮ್ಯಾಂಟಲನ್ನು ಕಟ್ಟಿದೆ.

ಮನೆಯಲ್ಲಿ ಇಂತಹ ದೀಪವುಳ್ಳವರಲ್ಲಿ ನನ್ನದೊಂದು ವಿನಂತಿ: ಉರಿಯುವ ದೀಪದ ಗೇಜನ್ನು ಎಂದಿಗೂ ಬಿಚ್ಚಬೇಡಿರಿ, ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ದುರಸ್ತಿಯ ಆಸೆಯನ್ನು ತೊರೆದು ಹೊಸ ಗೇಜನ್ನೇ ಹಾಕಿಸಿರಿ.