ನ್ಯಾಯಬೆಲೆಯ ಇನ್ನೊಂದು ಮುಖ

‘ನ್ಯಾಯಬೆಲೆ’ ಎಂದೊಡನೆ ನಮಗೆ ನೆನಪಾಗುವುದು ಪಡಿತರದ ಅಂಗಡಿ. ಅಲ್ಲಿ ನ್ಯಾಯವೆಂಬುದು ಕೊಳ್ಳುವವನ ಪಾಲಿನದು. ದುಡಿದು ಬೆಳೆದವನಿಗೂ ನ್ಯಾಯವಾದ ಬೆಲೆ ಸಲ್ಲಬೇಕೆಂಬ ವಿಚಾರವು ವ್ಯಾಪಾರದಲ್ಲಿ ನೆಲೆಗೊಂಡ ಬಗೆಯನ್ನು ಕಾಫಿಯ ನಿದರ್ಶನದಿಂದ ತಿಳಿಯಬಹುದು.

ಜಾವಾದಲ್ಲಿ ಡಚ್ ಅಧಿಕಾರಿಯಾಗಿದ್ದ ಎಡ್ವರ್ಡ್ ಡೌವೆಸ್ ಡೆಕರ್, ‘ಮುಲ್ತಾತುಲಿ’ ಎಂಬ ಕಾವ್ಯನಾಮದಿಂದ 1860ರಲ್ಲಿ ‘ಮ್ಯಾಕ್ಸ್ ಹ್ಯಾವೆಲಾರ್’ ಕಾದಂಬರಿಯನ್ನು ಪ್ರಕಟಿಸಿ, ಅಲ್ಲಿನ ರೈತರ ಶೋಷಣೆಯನ್ನು ಬಯಲಿಗೆಳೆದನು. 1988ರಲ್ಲಿ ನೆದರ್ಲೆಂಡ್ಸಿನ ಕಾಫಿ ಪೊಟ್ಟಣಗಳ ಮೇಲೆ ಅದೇ ಹೆಸರಿನ ಮುದ್ರೆಯೊಂದು ಕಾಣಿಸಿಕೊಂಡಿತು. ಮೆಕ್ಸಿಕೋ ದೇಶದ ಒಹಾಕಾ ಪ್ರಾಂತದ ಸಣ್ಣ ಬೆಳೆಗಾರರೊಡನೆ ಬಾಳಿದ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್ ಮತ್ತು ನಿಕೊ ರೋಜೆನ್ ಇದರ ಪ್ರವರ್ತಕರು. ಮರುವರ್ಷವೇ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲಿನ ಕಟ್ಟು ಮುರಿದು ಬೆಲೆ ಕುಸಿಯಿತು. ಮುದ್ರೆಯ ಅಗತ್ಯವು ಯಾರ ವಿವರಣೆಯೂ ಇಲ್ಲದೆ ಮನವರಿಕೆಯಾಯಿತು.

ಇದರ ಕ್ರಮವು ನಮ್ಮ ರೈತರು ಬಲ್ಲ ಬೆಂಬಲ ಬೆಲೆಯನ್ನು ಹೋಲುತ್ತದೆ. ಆದರೆ ಬೆಲೆ ಕಟ್ಟುವುದು ಸರ್ಕಾರವಲ್ಲ. ಪೇಟೆಯ ದರ ಎಷ್ಟೇ ಇಳಿದರೂ ಸಹಕಾರ ಸಂಘಕ್ಕೆ ಗೊತ್ತುಪಡಿಸಿದ ಕನಿಷ್ಠ ಬೆಲೆ ಸಲ್ಲಬೇಕು. ದರ ಏರಿದರೆ ಏರಿದ ದರವೇ ಸಲ್ಲಬೇಕು. ತಿರುಳು ತೊಳೆದು ಒಣಗಿಸಿದ ಅರೇಬಿಕಾ ಬೀಜಕ್ಕೆ ಈ ಕನಿಷ್ಠ ಬೆಲೆಯನ್ನು 2023ರಲ್ಲಿ ಪೌಂಡಿಗೆ 1.40 ಡಾಲರಿನಿಂದ 1.80 ಡಾಲರಿಗೆ ಏರಿಸಲಾಯಿತು. ಇದಲ್ಲದೆ ಪೌಂಡಿಗೆ ಇಷ್ಟೆಂದು ಹೆಚ್ಚುವರಿ ಹಣವೂ ಉಂಟು; 2011ರಲ್ಲಿ ಅದು 20 ಸೆಂಟುಗಳಾಯಿತು. ಅದನ್ನು ಶಾಲೆಗೋ ಬಾವಿಗೋ ಪಲ್ಪರ್ ಯಂತ್ರಕ್ಕೋ ವಿನಿಯೋಗಿಸುವುದನ್ನು ಸದಸ್ಯರ ಸಭೆಯೇ ತೀರ್ಮಾನಿಸುತ್ತದೆ.

ಆದರೆ ಮುದ್ರೆಯನ್ನು ಕಂಡೊಡನೆ ನಿಶ್ಚಿಂತರಾಗುವುದು ಸಲ್ಲದು. ಸಂಘವು ಬೆಳೆದುದೆಲ್ಲ ಮುದ್ರೆಯಡಿ ಮಾರಾಟವಾಗುವುದಿಲ್ಲ. ಕೊಳ್ಳುವವರಿಲ್ಲದ ಪಾಲು ಸಾಮಾನ್ಯ ಪೇಟೆಗೇ ಹೋಗುತ್ತದೆ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಸಣ್ಣ ಬೆಳೆಗಾರನೂ ಕೊಯ್ಲಿನ ಕಾಲದಲ್ಲಿ ಕೂಲಿಯಾಳುಗಳನ್ನು ಕರೆಯುತ್ತಾನೆ. ಆತನೇ ಬಡವ, ಆತನಿಗೆ ಬಂದ ಹೆಚ್ಚಿನ ಕಾಸು ಹಣ್ಣು ಬಿಡಿಸಿದ ಕೈಗೆ ತಲುಪಿತೆಂಬುದಕ್ಕೆ ಪೊಟ್ಟಣದ ಮೇಲಿನ ಮುದ್ರೆಯೊಂದೇ ಸಾಕ್ಷಿಯಾಗಲಾರದು.

ಅಂತರರಾಷ್ಟ್ರೀಯ ಫೇರ್‌ಟ್ರೇಡ್ ಸಂಸ್ಥೆಯು ಕಾಫಿಯ ಮುದ್ರೆಯನ್ನು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ನೀಡುತ್ತದೆ. ಚಹಾದಲ್ಲಿ ದೊಡ್ಡ ತೋಟಗಳಿಗೂ ಅವಕಾಶವಿದ್ದು, ಹೆಚ್ಚುವರಿ ಹಣದ ವಿನಿಯೋಗದಲ್ಲಿ ಕಾರ್ಮಿಕ ಪ್ರತಿನಿಧಿಗಳಿಗೆ ಪಾಲಿದೆ. ಆದುದರಿಂದ ಕೊಡಗು, ಚಿಕ್ಕಮಗಳೂರುಗಳ ದೊಡ್ಡ ಕಾಫಿ ತೋಟಗಳ ಕಾರ್ಮಿಕರು ಈ ಏರ್ಪಾಟಿನ ಹೊರಗುಳಿಯುತ್ತಾರೆ. ಅವರ ಆಸರೆಯೆಂದರೆ ರಾಜ್ಯ ಸರ್ಕಾರವು ಗೊತ್ತುಪಡಿಸುವ ಕನಿಷ್ಠ ಕೂಲಿ. ನಮ್ಮ ಓದುಗರಲ್ಲಿ ತೋಟದ ಒಡೆಯರೂ ಇರಬಹುದು. ಬಿಡಿಸಿದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ಕೊಡುವ ಕೂಲಿಯು ದಿನದ ಕೊನೆಗೆ, ವಯಸ್ಸಾದ ಹೆಣ್ಣಾಳಿನ ಪಾಲಿಗೂ, ಆ ಕನಿಷ್ಠವನ್ನು ಮುಟ್ಟುವುದೇ ಎಂಬ ಲೆಕ್ಕವು ಅವರ ಪುಸ್ತಕದಲ್ಲಿಯೇ ಇರುತ್ತದೆ.